ಮದುವೆ ಮೇಜಿನ ಸಿಗರೇಟು

ಕಾವ್‌ಶ್ಯುಂಗ್ ಬಂದರಿನಲ್ಲಿ ಮೂವತ್ತೊಂದು ವರ್ಷ ಕಂಡವರ ಪೆಟ್ಟಿಗೆ ಬಿಚ್ಚಿಸಿದ ಸುಂಕದ ಅಧಿಕಾರಿ ಶುನ್‌ಚಾಂಗನಿಗೆ ನಮ್ಮ ಓಣಿಯವರು ಇಟ್ಟ ಹೆಸರು ಮೂಗಪ್ಪ. ಚಹಾ ಡಬ್ಬಿಯೊಳಗಿನ ಹಂದಿ ಸಾಸೇಜಾಗಲಿ, ಒಣಮೀನಿನ ಗೋಣಿಯಡಿಯ ಕಳ್ಳ ಸಿಗರೇಟಾಗಲಿ, ಅವನ ಮೂಗಿನಿಂದ ಪಾರಾದದ್ದಿಲ್ಲ. ಅವನ ಅತ್ತೆ ಸಮುದ್ರದಾಚೆಯ ತಂಗಿ ಮನೆಯಿಂದ ಹಂದಿಮಾಂಸ ತುಂಬಿದ ಹಬ್ಬದ ಕಡುಬು ತಂದಾಗ, ಹಂದಿರೋಗ ಹಬ್ಬುತ್ತದೆಂದು ಕಸಿದು ಕಚೇರಿಗೆ ಒಪ್ಪಿಸಿ ಸುಡಿಸಿದ್ದ. ಮುದುಕಿ ಎರಡು ವರ್ಷದಿಂದ ಅವನೊಂದಿಗೆ ಮಾತು ಬಿಟ್ಟಿದ್ದಳು. ಅಂಥ ಅತ್ತೆಯನ್ನು ಎದುರುಹಾಕಿಕೊಳ್ಳುವ ಎದೆಗಾರಿಕೆ ನಮಗಂತೂ ಇಲ್ಲ.

ನಿವೃತ್ತಿಗೆ ಇನ್ನೊಂದೇ ತಿಂಗಳು. ‘ಕಳಂಕವಿಲ್ಲದ ಸೇವೆ’ ಎಂಬ ಫಲಕ ಆಗಲೇ ಕೆತ್ತನೆಗೆ ಹೋಗಿತ್ತು. ಅಷ್ಟರಲ್ಲಿ ಮಗಳ ಮದುವೆ ಬಂತು. ಓಣಿಯಲ್ಲೇ ಚಪ್ಪರ, ನಡುಮಧ್ಯಾಹ್ನದ ಊಟ, ಮೇಜು ಮೇಜಿಗೂ ತಟ್ಟೆಯಲ್ಲಿ ಮಿಠಾಯಿ, ಅದರ ಪಕ್ಕ ಸಿಗರೇಟು. ಹೆಣ್ಣಿನ ತಂದೆ ಎರಡೂ ಕೈಯಲ್ಲಿ ಸಿಗರೇಟು ನೀಡದಿದ್ದರೆ ನಮ್ಮಲ್ಲಿ ಮರ್ಯಾದೆ ಉಳಿಯುವುದಿಲ್ಲ. ತಾನು ಸೇದದ ಶುನ್‌ಚಾಂಗ್ ಸಿಗರೇಟು ತರುವ ಕೆಲಸವನ್ನು ಹೆಂಡತಿಯ ತಮ್ಮ ಜಿನ್‌ಶುಯಿಗೆ ಒಪ್ಪಿಸಿದ್ದ.

ಸುಂಕದ ಕಚೇರಿಯ ದೊಡ್ಡ ಸಾಹೇಬರು ಮೊದಲ ಮೇಜಿನಲ್ಲಿದ್ದರು. ಬೇರೆ ಮೇಜಿನವರನ್ನು ಮಾತಾಡಿಸಿ ಅವರಿಗೆ ಸಿಗರೇಟು ನೀಡಲು ಹೊರಟ ಶುನ್‌ಚಾಂಗ್ ಹೊಸ ಪೊಟ್ಟಣವೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಎಚ್ಚರಿಕೆಯ ಚಿತ್ರವಿಲ್ಲ. ನಮ್ಮ ಲಿಪಿಯ ಒಂದಕ್ಷರವೂ ಇಲ್ಲ. ಹೋದ ವಾರವಷ್ಟೇ ಅವನು ಒಂದು ದೋಣಿಯಿಂದ ಹಿಡಿದದ್ದು ಇದೇ ಮಾಲು!

“ಎಲ್ಲಿಂದ ತಂದ್ಯೋ ಇದನ್ನ?”

“ಮೀನು ದೋಣಿ ನಿಲ್ಲೋ ಧಕ್ಕೆಯ ಗೆಳೆಯ ಕೊಟ್ಟ, ಭಾವ. ಪರದೇಶದ್ದು! ನಿಮ್ಮ ಅಂತಸ್ತಿಗೆ ಊರಿನ ಮಾಲು ಇಡೋಕಾಗುತ್ತಾ?”

ಶುನ್‌ಚಾಂಗ್ ಚಪ್ಪರದುದ್ದಕ್ಕೂ ಕಣ್ಣಾಡಿಸಿದ. ಇಪ್ಪತ್ತೆಂಟು ಮೇಜು!

“ಇವತ್ತೊಂದಿನ ಕಣ್ಮುಚ್ಚಿಕೊಳ್ಳಿ, ನಿಮ್ಮ ದಮ್ಮಯ್ಯ,” ಎಂದು ಹೆಂಡತಿ ಕೋಟಿನ ಅಂಚು ಹಿಡಿದಳು. “ಮಗಳ ಮುಖ ನೋಡಿ.”

ಅವನು ಮಗಳ ಮುಖ ನೋಡಿದ. ಪೊಟ್ಟಣ ಮೆಲ್ಲಗೆ ಕೋಟಿನ ಜೇಬಿಗೆ ಇಳಿಯತೊಡಗಿತು. ಆಗ ಪಕ್ಕದಿಂದ ಅತ್ತೆಯ ದನಿ ಕೇಳಿಸಿತು.

“ಏನು ಅಳಿಯಂದಿರೇ, ಚಿತ್ರ ಇಲ್ದೇ ಇರೋದು ಕಳ್ಳಮಾಲು ಅಂತ ಮನೇಲಿ ದಿನಾ ಪಾಠ ಹೇಳ್ತಿದ್ರಿ? ನನ್ನ ಕಡುಬಿಗೆ ಬೆಂಕಿ, ಇದಕ್ಕೆ ಜೇಬಾ?”

ಸುತ್ತಲಿನ ಚಾಪ್‌ಸ್ಟಿಕ್ಕುಗಳು ನಿಂತವು. ಶುನ್‌ಚಾಂಗ್ ಪೊಟ್ಟಣವನ್ನು ಹೊರತೆಗೆದ. ಅಡುಗೆಯವರ ಕೆಂಪು ಬಕೆಟ್ಟು ಹಿಡಿದು, ಸಿಗರೇಟನ್ನೆಲ್ಲ ಅದಕ್ಕೆ ಹಾಕಿಸಿಕೊಳ್ಳುತ್ತ ಮೇಜು ಮೇಜಿಗೂ ನಡೆದ. ಉಳಿದ ಮೀನಿನ ಜೊತೆ ನಾಲ್ಕು ಪೊಟ್ಟಣ ಕಟ್ಟಿಕೊಂಡಿದ್ದ ದೊಡ್ಡಮ್ಮನ ಮುಂದೆ ನಿಂತಾಗ ಬಾಯಿಗೆ ಬಂದದ್ದು ಹಳೆಯ ಮಾತೇ: “ದಯವಿಟ್ಟು ಚೀಲ ಬಿಚ್ಚಿ.”

“ಮದುವೆ ಮನೇಲೂ ಡ್ಯೂಟಿನೇನೋ, ಮೂಗಪ್ಪ!” ಎಂದು ದೊಡ್ಡಮ್ಮ ಚೀಲ ಬಿಚ್ಚಿದಳು.

ಕೊನೆಗೆ ಉಳಿದದ್ದು ಮೊದಲ ಮೇಜು. ದೊಡ್ಡ ಸಾಹೇಬರು ಕಣ್ಣು ಅರೆಮುಚ್ಚಿ ಹೊಗೆ ಬಿಡುತ್ತಿದ್ದರು. “ಎಲ್ಲಿಂದ ತರಿಸಿದ್ರೀ ಇದನ್ನ? ಸೊಗಸಾಗಿದೆ.”

ಅತ್ತೆಯೇ ಶುನ್‌ಚಾಂಗನ ಕೈಯಿಂದ ಬಕೆಟ್ಟನ್ನು ಕಸಿದುಕೊಂಡು ಸಾಹೇಬರ ಗಲ್ಲದಡಿ ಹಿಡಿದಳು.

“ಉಗೀರಿ, ಸಾಹೇಬ್ರೇ. ನಮ್ಮ ಅಳಿಯ ಯಾರನ್ನೂ ಬಿಡೋನಲ್ಲ.”

ಎರಡು ವರ್ಷದ ಮೇಲೆ ಆಕೆ ಅವನನ್ನು ‘ನಮ್ಮ ಅಳಿಯ’ ಎಂದದ್ದು ಅದೇ ಮೊದಲು.