ಬೀದಿಗೆ ಬಾಗಿಲಿಲ್ಲದ ಊರು

ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಮಣ್ಣಿನ ಗೋಡೆ ಮೆತ್ತೋದು, ನೆಲ ಸಾರಿಸೋದು, ಅದೇ ನನ್ನ ವಿದ್ಯೆ. ಪರದೇಶದ ಸ್ಕೋಫೀಲ್ಡ್ಸ್ ಅನ್ನೋ ಊರಲ್ಲಿರೋ ಮಗಳ ಮನೆಗೆ ಬಂದ ಮೇಲೆ ಅದೂ ಬೇಡವಾಯ್ತು. ಇಲ್ಲಿ ಗೋಡೆ ತಟ್ಟಿದರೆ ಡಬ್ಬದ ಸದ್ದು ಬರುತ್ತೆ. ಹಾಗಿರುವಾಗ ಏಳನೇ ಕ್ಲಾಸಿನ ಮೊಮ್ಮಗಳು ಊಟದ ಮೇಜಿನ ಮೇಲೆ ಜೇಡಿಮಣ್ಣಲ್ಲಿ ಒಂದು ಊರನ್ನೇ ಕಟ್ಟೋಕೆ ಕೂತರೆ ನನ್ನ ಸಂತೋಷ ಎಲ್ಲಿಡಲಿ?

ಸಿಂಧೂ ನದಿ ಕಡೆಯ ಊರಂತೆ, ಸಾವಿರಾರು ವರ್ಷ ಹಳೇದಂತೆ. ಸೋಮವಾರ ಕ್ಲಾಸಿನ ಮುಂದೆ ನಿಂತು ಇದನ್ನು ವಿವರಿಸಬೇಕು. ನಾಲ್ಕು ಜನರ ಮುಂದೆ ಬಾಯಿ ಒಣಗೋ ಹುಡುಗಿ ಅವಳು, ಹದಿನೈದು ದಿನದಿಂದ ಅದೇ ಚಿಂತೆ.

"ಈ ಗೆರೆ ಏನೇ?"

"ಡ್ರೈನ್ ಅಜ್ಜಿ. ಮನೆಮನೆಗೂ ಬಾತ್‌ರೂಮ್ ಇತ್ತು."

"ರಾಜ ಯಾರು?"

"ನೋಬಡಿ ನೋಸ್."

"ಏನೋ ಬರ್ಕೊಂಡಿರ್ತಾರಲ್ಲ?"

"ಬರೆದಿದ್ದಾರೆ. ಯಾರಿಗೂ ಓದಕ್ಕೆ ಬರಲ್ಲ."

ದೊಡ್ಡ ಓದಿನವರಿಗೂ ಓದಲಾಗದ ಅಕ್ಷರ ಇದೆ ಅಂತ ಕೇಳಿ ನನಗೆ ಒಳಗೊಳಗೇ ಸಮಾಧಾನ. ಆದರೆ ಅಲ್ಲಿನ ಇಟ್ಟಿಗೆ ಎಲ್ಲ ಒಂದೇ ಅಳತೆಯಂತೆ. ರಾಜ ಯಾರೋ ಗೊತ್ತಿಲ್ಲದ ಊರಲ್ಲಿ ಹಾಗೇ ಇರಬೇಕು ಅಂತ ಹೇಳಿದವರು ಯಾರು? ನನ್ನ ತಲೆಗೆ ಹೋಗಲಿಲ್ಲ.

ಭಾನುವಾರ ತಾಯಿ ಮಗಳು ಈಜಿನ ಕ್ಲಾಸಿಗೆ ಹೋದರು. ನಾನು ಆ ಊರನ್ನ ಸುತ್ತಿ ಸುತ್ತಿ ನೋಡಿದೆ. ದೊಡ್ಡ ಬೀದಿಯ ಒಂದು ಮನೆಗೂ ಮುಂಬಾಗಿಲಿಲ್ಲ. ಪಾಪ, ಗಡಿಬಿಡಿಯಲ್ಲಿ ಮಗು ಮರೆತಿದೆ ಅಂದುಕೊಂಡೆ. ಬೀದಿಬಾಗಿಲಿಲ್ಲದ ಮನೆಗೆ ಲಕ್ಷ್ಮಿ ಎಲ್ಲಿಂದ ಬರಬೇಕು, ನೆಂಟರು ಎಲ್ಲಿಂದ ಬರಬೇಕು? ತರಕಾರಿ ಚಾಕು ತಗೊಂಡು ಹನ್ನೊಂದು ಬಾಗಿಲು ಕೊರೆದೆ. ಒಂದೊಂದಕ್ಕೂ ಹೊಸ್ತಿಲು ಬೇರೆ.

ಬಂದವಳು ಒದ್ದೆ ಕೂದಲಲ್ಲೇ ನಿಂತು ನೋಡಿದಳು.

"ಅಜ್ಜಿ, ಡೋರ್ ಯಾಕೆ?"

"ಮರೆತಿದ್ಯಲ್ಲ ಕಂದ."

"ಮರ್ತಿಲ್ಲ. ದೊಡ್ಡ ರೋಡಿಗೆ ಅವ್ರು ಡೋರ್ ಇಡ್ತಿರ್ಲಿಲ್ಲ, ಪಕ್ಕದ ಸಂದಿಯಿಂದ ಒಳಗೆ ಹೋಗ್ತಿದ್ರು. ನಾಳೆ ನಾನು ಹೇಳ್ಬೇಕಾಗಿರೋದೇ ಅದು."

ಕಣ್ಣು ತುಂಬಿಕೊಂಡಳು. ನನ್ನ ಮಗಳು, "ಅಡುಗೆಮನೆ ಡಬ್ಬಿ ನಿನ್ನಿಷ್ಟಕ್ಕೆ ಜೋಡಿಸೋ ಹಾಗೆ ಊರನ್ನೂ ಜೋಡಿಸಿಬಿಟ್ಯಲ್ಲಮ್ಮ" ಅಂದಳು.

ಹುಡುಗಿ ಹಸಿಮಣ್ಣು ತುರುಕಿದಳು, ಉದುರಿತು. ಮತ್ತೆ ತುರುಕಿದಳು, ಮತ್ತೆ ಉದುರಿತು. "ಒಣಗಿದ ಗೋಡೆ ಹಸಿಮಣ್ಣನ್ನ ಹಿಡಿಯಲ್ಲ ಪುಟ್ಟಿ, ತಾಳು" ಅಂತ ನಾನೂ ಕೂತೆ. ಅಂಚನ್ನ ಫೋರ್ಕಿನಲ್ಲಿ ಗೀರಿ, ನೀರು ಮುಟ್ಟಿಸಿ, ಮಜ್ಜಿಗೆಯಷ್ಟು ತೆಳ್ಳಗೆ ಕಲೆಸಿದ ಮಣ್ಣು ಸವರಿ, ಆಮೇಲೆ ಒತ್ತಬೇಕು. ಎರಡು ಬಾಗಿಲು ನಾನು ಮುಚ್ಚಿದೆ. ಮೂರನೇದರಿಂದ ಅವಳೇ ಮುಚ್ಚಿದಳು, ನನ್ನ ಕೈ ಸರಿಸಿ. ತಪ್ಪು ಮಾಡಿದವಳು ನಾನು, ನಾಚಿಕೆಯಾಗಬೇಕಿತ್ತು. ಆದರೆ ನನ್ನ ಬೆರಳು ಹೋಗೋ ಹಾಗೇ ಅವಳ ಬೆರಳು ಹೋಗೋದು ನೋಡಿ ಖುಷಿ ತಡೆಯೋಕಾಗಲಿಲ್ಲ.

ಎಲ್ಲ ಮುಚ್ಚಿತು. ಆದರೆ ತೇಪೆ ಕಪ್ಪಗೆ ಎದ್ದು ಕಾಣುತ್ತಿತ್ತು.

"ಕೇಳಿದ್ರೆ ಏನು ಹೇಳ್ಲಿ?"

"ನಮ್ಮಜ್ಜಿ ದಡ್ಡಿ ಅನ್ನು."

ಸೋಮವಾರ ಮಧ್ಯಾಹ್ನ ಗೇಟಿನ ಹತ್ತಿರವೇ ಕಾದೆ. ಬ್ಯಾಗು ಇಳಿಸದೇ ಹೇಳಿದಳು. ಮೊದಲು ಬರೆದುಕೊಂಡಿದ್ದನ್ನು ತಲೆ ತಗ್ಗಿಸಿ ಓದಿದಳಂತೆ. ಹಿಂದಿನ ಬೆಂಚಿನವನೊಬ್ಬ ಆ ಕಲೆ ಏನು ಅಂದನಂತೆ. ಇವಳು ಚೀಟಿ ಕೆಳಗಿಟ್ಟಳಂತೆ. "ನಮ್ಮಜ್ಜಿ ಬಾಗಿಲು ಕೊರೆದರು. ಮನೆ ಅಂದ್ರೆ ಬೀದಿ ಕಡೆ ನೋಡ್ಬೇಕು ಅಂತ ಅವರಿಗೆ. ಆ ಊರಿನವರಿಗೆ ಹಾಗನ್ನಿಸಲಿಲ್ಲ, ಅದೇ ವಿಚಿತ್ರ" ಅಂದಳಂತೆ. ಎಲ್ಲ ನಕ್ಕರಂತೆ, ಇವಳೂ ನಕ್ಕಳಂತೆ. ಉಳಿದದ್ದನ್ನೆಲ್ಲ ಚೀಟಿ ನೋಡದೆ ಹೇಳಿದಳಂತೆ.

ಅಷ್ಟು ಚೆಂದ ಚರಂಡಿ ತೋಡಿದ ಜನ ಬೀದಿಗೇಕೆ ಬೆನ್ನು ಹಾಕಿದರೋ ನನಗಿನ್ನೂ ಅರ್ಥವಾಗಿಲ್ಲ. ಧೂಳಿಗೋ ಗಲಾಟೆಗೋ ಇರಬಹುದು ಅಂತಾಳೆ, ಅವಳಿಗೂ ಖಾತ್ರಿಯಿಲ್ಲ. ಹೋಗಲಿ. ಅವತ್ತು ಕ್ಲಾಸಲ್ಲಿ ಹೇಳಿದ್ದನ್ನ ಮೂರು ಸಲ ಹೇಳಿಸಿದೆ. ಮೂರನೇ ಸಲ ಅವಳು ನನ್ನನ್ನ ಸೋಫಾ ಮೇಲೆ ಕೂರಿಸಿ, ಟಿವಿ ಮುಂದೆ ನಿಂತು, ಕೈ ಬೀಸಿ ಬೀಸಿ ಹೇಳಿದಳು.