ಪ್ಲಾಸ್ಟಿಕ್ ತೆಗೆಯದ ಹೆಡ್‌ಫೋನು

ಪುತ್ತೂರು ಹತ್ತಿರದ ಸವಣೂರಿನ ಯಜ್ಞೇಶ್ವರ ಭಟ್ಟರ ಕೈಗೆ ಯಾವ ಹೊಸ ವಸ್ತು ಕೊಟ್ಟರೂ ಅವರು ಮೊದಲು ಅದರ ಬೆಲೆ ಕೇಳುವವರಲ್ಲ, ಚಂದ ನೋಡುವವರೂ ಅಲ್ಲ. ತಿರುಗಿಸಿ, ಮಗುಚಿ, ಸಂದುಗಳಲ್ಲಿ ಉಗುರು ಹಾಕಿ ನೋಡಿ, "ಬಾಳಿಕೆ ಬರ್ತದಾ?" ಎನ್ನುತ್ತಾರೆ. ಹೆಣ್ಣು ನೋಡಲು ಹೋದಾಗಲೂ ಹೀಗೆಯೇ ಕೇಳಿದ್ದರೆಂದು ನೆಂಟರು ಈಗಲೂ ತಮಾಷೆ ಮಾಡುತ್ತಾರೆ. ಅವರ ಹೆಂಡತಿ ಪರಮೇಶ್ವರಿ ಅದನ್ನು ಇದುವರೆಗೆ ಸುಳ್ಳು ಎಂದದ್ದಿಲ್ಲ.

ಅವರ ಕೊಡೆಯನ್ನೇ ನೋಡಿ. ಅದಕ್ಕೆ ಬಟ್ಟೆ ಬದಲಾಗಿದೆ, ಕಡ್ಡಿ ಬದಲಾಗಿದೆ, ಹಿಡಿಯೂ ಬದಲಾಗಿದೆ. ಆದರೂ "ಇದು ನಮ್ಮ ಅಪ್ಪನ ಕೊಡೆ" ಎಂದೇ ಅವರು ಹೇಳುವುದು. ಬಾಳಿಕೆಗೆ ಅವರು ಕಂಡುಕೊಂಡ ಇನ್ನೊಂದು ಉಪಾಯವೆಂದರೆ ಹೊಸತರ ಪ್ಲಾಸ್ಟಿಕ್ ಕವರನ್ನು ತೆಗೆಯದೆ ಇರುವುದು. ಮನೆಯ ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ ಹಾಗೆಯೇ ಇದೆ. ಸೆಕೆಗಾಲದಲ್ಲಿ ಕುಳಿತ ನೆಂಟರು ಏಳುವಾಗ ಪ್ಲಾಸ್ಟಿಕ್ಕೂ ಅವರನ್ನು ಬಿಡಲಾರದೆ ನಾಲ್ಕು ಬೆರಳು ಮೇಲೆದ್ದು ಬರುತ್ತದೆ. ತೀರಾ ಒಳ್ಳೆಯದೆನಿಸಿದ ವಸ್ತು ಸೋಫಾದ ಹಾಗೆ ಹೊರಗೂ ಇರುವುದಿಲ್ಲ, ನೇರ ಕಬ್ಬಿಣದ ಕಪಾಟಿಗೆ ಹೋಗುತ್ತದೆ.

ಇಂಥವರಿಗೆ ಇನ್ನೊಂದು ಹುಚ್ಚೂ ಇತ್ತು. ಅವರು ತಾಳಮದ್ದಳೆಯ ಅರ್ಥಧಾರಿ. ಭಾಗವತರು ಪದ ಹಾಡಿ ಮುಗಿಸಿದ ಮೇಲೆ ಕುಳಿತಲ್ಲೇ ಪಾತ್ರವಾಗಿ ವಾದ ಹೂಡುವ ಕೆಲಸ ಅದು. ಎದುರಿನವರು ಒಂದು ಮಾತು ಆಡಿದರೆ ಅದನ್ನು ಹಾಗೆಯೇ ಹೋಗಲು ಬಿಡಬಾರದೆಂಬುದು ಆ ಕಲೆಯ ನಿಯಮ. ಯಜ್ಞೇಶ್ವರರು ಅದನ್ನು ಮನೆಯಲ್ಲೂ ಪಾಲಿಸಿಕೊಂಡು ಬಂದಿದ್ದರು.

ಕಳೆದ ವರ್ಷ ಪರಮೇಶ್ವರಿ ಮಹಿಳೆಯರ ತಾಳಮದ್ದಳೆ ಕೂಟಕ್ಕೆ ಸೇರಿ, ಹಾಡುವುದನ್ನು ಕಲಿಯತೊಡಗಿದರು. ಕಡಬದ ಹರಿಪ್ರಸಾದ್ ಭಾಗವತರು ಫೋನಿನಲ್ಲೇ ಪಾಠ ಹೇಳುತ್ತಿದ್ದರು. ದೀಪಾವಳಿ ಕಳೆದ ಮೇಲೆ ಅಜ್ಜಾವರದಲ್ಲಿ ಕೂಟ. ಅಲ್ಲಿ ಪರಮೇಶ್ವರಿ ಮೊದಲ ಸಲ ಹಾಡಬೇಕು. ಐವತ್ತು ದಾಟಿದ ಮೇಲೆ ಹುಟ್ಟಿದ ಆಸೆ ಅದು. ಅದಕ್ಕೇ ಅವರಿಗೆ ಅದರ ಮೇಲೆ ಅಷ್ಟು ಜೀವ.

ತೊಂದರೆ ಎಂದರೆ ಪಾಠ ನಡೆಯುವುದು ಸ್ಪೀಕರಿನಲ್ಲಿ. ಭಾಗವತರು ಒಂದು ಸಾಲು ಹೇಳಿಕೊಡುತ್ತಾರೆ, ಪರಮೇಶ್ವರಿ ಹಾಡುತ್ತಾರೆ, ಕೂಡಲೇ ಜಗಲಿಯಿಂದ ಮೂರನೆಯ ಸ್ವರ ಬರುತ್ತದೆ.

"ತಾಳ ಓಡಿತು! ಆ ಶಬ್ದವನ್ನು ಹಾಗೆ ತುಂಡು ಮಾಡುದಾ? ಅರ್ಥ ಎಂತ ಆಗ್ತದೆ?"

ಭಾಗವತರು ಅತ್ತ ನಗುತ್ತಿದ್ದರು, ಪರಮೇಶ್ವರಿ ಇತ್ತ ಕುಗ್ಗುತ್ತಿದ್ದರು. ಒಂದು ದಿನ ಅವರು ಗಂಡನ ಮುಂದೆ ಬಂದು ನಿಂತರು.

"ನೋಡಿ, ನಂಗೊಂದು ಹೆಡ್‌ಫೋನ್ ಬೇಕು. ಭಾಗವತರು ಹೇಳಿದ್ದು ನಂಗೆ ಮಾತ್ರ ಕೇಳ್ಬೇಕು, ನಿಮ್ಮ ಅರ್ಥಗಾರಿಕೆ ನಂಗೆ ಕೇಳ್ಬಾರ್ದು. ಆಗುದಿಲ್ಲಾಂತಾದ್ರೆ ಹೇಳಿ, ನಾನು ಕಲಿಯುದನ್ನೇ ಬಿಡ್ತೇನೆ."

ಬೇರೆಯವರಾದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಯಜ್ಞೇಶ್ವರರ ಕಿವಿಗೆ ಬಿದ್ದದ್ದು ಒಂದೇ ಮಾತು, ಒಂದು ವಸ್ತು ಕೊಳ್ಳಬೇಕು. ತಮ್ಮ ಬಾಯಿಯಿಂದ ಹೆಂಡತಿಯ ಕಿವಿಯನ್ನು ಕಾಪಾಡುವ ವಸ್ತುವನ್ನು ಹುಡುಕಲು ಅವರು ಬಹಳ ಉತ್ಸಾಹದಿಂದ ಪುತ್ತೂರಿಗೆ ಹೊರಟರು.

ಅಲ್ಲಿನ ದರ್ಬೆಯಲ್ಲಿ ಮಿದ್ಲಾಜನ ಮೊಬೈಲ್ ಅಂಗಡಿ. ಅವನು ಒಂದೊಂದಾಗಿ ಡಬ್ಬಿ ಬಿಚ್ಚಿ ತೋರಿಸಿದ. ಯಜ್ಞೇಶ್ವರರು ಒಂದನ್ನೂ ಕಿವಿಗೆ ಇಡಲಿಲ್ಲ. ಬಗ್ಗಿಸಿದರು, ಹಿಗ್ಗಿಸಿದರು, ಕುಲುಕಿದರು.

"ಭಟ್ರೆ, ಅದು ಹೆಡ್‌ಫೋನ್, ಪಂಪ್ ಸೆಟ್ ಅಲ್ಲ. ಸ್ವಲ್ಪ ಮೆಲ್ಲ," ಎಂದ ಮಿದ್ಲಾಜ.

"ಇದಕ್ಕೆ ಬ್ಯಾಟರಿ ಉಂಟಾ?"

"ಉಂಟು. ವೈರೇ ಬೇಡ ಇದಕ್ಕೆ."

"ಹಾಗಾದ್ರೆ ಬೇಡ. ಬ್ಯಾಟರಿ ಸತ್ತ ದಿನ ಇದೂ ಸತ್ತ ಹಾಗೆ. ವೈರಿಂದೇ ತೋರ್ಸು. ವೈರು ಕಳಚಿ ಬೇರೆ ಹಾಕ್ಲಿಕ್ಕೆ ಆಗ್ಬೇಕು, ತುಂಡಾಗುದು ಯಾವಾಗಲೂ ಅದೇ. ಕಿವಿಯ ಸ್ಪಂಜು ಬೇರೆ ಸಿಗ್ಬೇಕು, ನಮ್ಮ ಮಳೆಗಾಲಕ್ಕೆ ಅದು ಹುಡಿ ಏಳುದು ಖಂಡಿತ. ತಲೆಯ ಪಟ್ಟಿಯ ಒಳಗೆ ಸ್ಟೀಲು ಇರ್ಬೇಕು. ಅಂಟು ಹಾಕಿದ್ದು ಬೇಡ, ಸ್ಕ್ರೂ ಹಾಕಿದ್ದು ಬೇಕು."

ಮಿದ್ಲಾಜ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ನೀವು ಹೇಳುದರಲ್ಲಿ ತಪ್ಪೆಂತ ಇಲ್ಲ. ಆದ್ರೆ ನಿಮ್ಮ ಹೆಂಡ್ತಿಯ ಫೋನಿಗೆ ವೈರಿನ ತೂತು ಉಂಟಾ? ಹೊಸದಕ್ಕೆಲ್ಲ ಇಲ್ಲ ಮಾರಾಯ್ರೆ."

"ನಮ್ಮ ಮನೆಯಲ್ಲಿ ಹೊಸ ಫೋನು ಎಲ್ಲಿಂದ ಬರ್ತದೆ!" ಎಂದರು ಯಜ್ಞೇಶ್ವರರು, ಹೆಮ್ಮೆಯಿಂದಲೇ.

ಅವರು ಹೇಳಿದಂಥದ್ದನ್ನು ಮಿದ್ಲಾಜ ತರಿಸಿದ. ಅಷ್ಟರಲ್ಲಿ ಇವರಿಗೆ ಇದಕ್ಕಿಂತ ಗಟ್ಟಿಯದ್ದು ಬರಬಹುದೇನೋ ಎನಿಸಿತು. "ನೋಡುವ" ಎಂದು ಬರಿಗೈಯಲ್ಲಿ ಬಂದರು. ಮುಂದಿನ ಸಲವೂ ಹಾಗೆಯೇ. ಒಳ್ಳೆಯ ರೇಟು ಬರಲೆಂದು ಅಡಿಕೆಯನ್ನು ಅಟ್ಟದಲ್ಲಿಟ್ಟು ಕಾಯುವವರಿಗೆ ಕಾಯುವುದೇ ಒಂದು ಸುಖ. ಇತ್ತ ನವರಾತ್ರಿ ಕಳೆಯಿತು. ಪರಮೇಶ್ವರಿ ಎರಡು ವಾರ ಪಾಠಕ್ಕೇ ಕೂರಲಿಲ್ಲ. ಹೆಡ್‌ಫೋನಿನ ಬಗ್ಗೆ ಕೇಳುವುದನ್ನೂ ನಿಲ್ಲಿಸಿದರು. ಅವರು ಕೇಳುವುದನ್ನು ನಿಲ್ಲಿಸಿದರೆ ಸಂಗತಿ ಕೆಟ್ಟಿದೆಯೆಂದೇ ಅರ್ಥ. ಮಾತಿನ ಮಲ್ಲ ಯಜ್ಞೇಶ್ವರರಿಗೆ ಇದು ಮಾತ್ರ ತಿಳಿಯಲಿಲ್ಲ.

ಕೊನೆಗೂ ಹೆಡ್‌ಫೋನು ಮನೆಗೆ ಬಂತು. ಪರಮೇಶ್ವರಿಯ ಮುಖ ಅರಳಿತು. ಅರಳಿದ ಮುಖದ ಎದುರೇ ಯಜ್ಞೇಶ್ವರರು ಡಬ್ಬಿಯನ್ನು ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹುಳ ಬಾರದಂತೆ ಎರಡು ನುಸಿಗುಳಿಗೆ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ದಿನಾ ದಿನಾ ಹಾಕಿ ಹಾಳು ಮಾಡುದು ಬೇಡ. ಕೂಟ ಹತ್ತಿರ ಬರುವಾಗ ತೆಗೆದ್ರೆ ಸಾಕು," ಎಂದರು.

ಪರಮೇಶ್ವರಿ ಒಳಗೆ ಹೋದರು.

ಮರುದಿನ ಸಂಜೆ ಜಗಲಿಯಲ್ಲಿ ಕುಳಿತಿದ್ದ ಯಜ್ಞೇಶ್ವರರಿಗೆ ಒಳಗಿನಿಂದ ಫೋನಿನ ಮಾತು ಕೇಳಿಸಿತು. ಸ್ಪೀಕರಿನಲ್ಲೇ ಇತ್ತಲ್ಲ.

"ಅಜ್ಜಾವರಕ್ಕೆ ನನ್ನ ಬದಲು ಬೇರೆ ಯಾರನ್ನಾದ್ರೂ ನೋಡಿ ಭಾಗವತ್ರೆ. ನನ್ನಿಂದ ಆಗುದಿಲ್ಲ."

"ಎಂತಕ್ಕೆ ಅಕ್ಕ? ನಿಮ್ಮ ಕಂಠ ಒಳ್ಳೇದುಂಟು."

"ಕಂಠ ಉಂಟು. ಧೈರ್ಯ ಇಲ್ಲ."

ಯಜ್ಞೇಶ್ವರರು ಜೀವಮಾನದಲ್ಲಿ ಎಷ್ಟೋ ವಾದ ಗೆದ್ದವರು. ಈ ಸಲ ವಾದ ಹೂಡದೆ ಎದ್ದು ನೇರ ಕಪಾಟಿನ ಹತ್ತಿರ ಹೋದರು. ಬೀಗ ತೆಗೆದು, ನುಸಿಗುಳಿಗೆಯನ್ನು ಆಚೆ ಎಸೆದು, ಹೊರಗಿನ ಪ್ಲಾಸ್ಟಿಕ್ಕನ್ನೂ ಒಳಗಿನ ಪ್ಲಾಸ್ಟಿಕ್ಕನ್ನೂ ಪರಪರ ಹರಿದರು. ಆ ಮನೆಯಲ್ಲಿ ಅಂಥ ಶಬ್ದ ಕೇಳಿದ್ದು ಅದೇ ಮೊದಲು. ವೈರನ್ನು ಫೋನಿಗೆ ಸಿಕ್ಕಿಸಿ, ಹೆಡ್‌ಫೋನನ್ನು ಹೆಂಡತಿಯ ತಲೆಗೆ ತಾವೇ ಇಟ್ಟರು. ಭಾಗವತರಿಗೆ ಕೇಳಲೆಂದು ಫೋನಿನತ್ತ ಬಗ್ಗಿ ಹೇಳಿದರು.

"ಬೇರೆ ಯಾರನ್ನೂ ನೋಡುದು ಬೇಡ. ಪಾಠ ಸುರು ಮಾಡಿ."

ಅಷ್ಟು ಹೇಳಿ ಜಗಲಿಗೆ ಬಂದು ಕುಳಿತರು.

ಒಳಗೆ ಹಾಡು ಸುರುವಾಯಿತು. ಈಗ ಭಾಗವತರ ಸ್ವರ ಹೊರಗೆ ಕೇಳುವುದಿಲ್ಲ, ಶ್ರುತಿ ಕೇಳುವುದಿಲ್ಲ. ಕೇಳುವುದು ಪರಮೇಶ್ವರಿಯ ಸ್ವರ ಒಂದೇ. ಇಷ್ಟು ವರ್ಷ ಒಟ್ಟಿಗೆ ಬದುಕಿದ ಹೆಂಗಸಿನ ಸ್ವರವನ್ನು ಯಜ್ಞೇಶ್ವರರು ಹೀಗೆ ಅದೊಂದನ್ನೇ ಎಂದೂ ಕೇಳಿರಲಿಲ್ಲ. ಪ್ರತಿ ಸಲ ನಡುವೆ ತಮ್ಮದೇ ಸ್ವರ ಇರುತ್ತಿತ್ತು. ಎರಡನೆಯ ಸಾಲಿನಲ್ಲಿ ತಾಳ ಒಂದಿಷ್ಟು ಓಡಿತು. ಅವರ ಬಾಯಿ ತೆರೆಯಿತು, ಹಾಗೆಯೇ ಮುಚ್ಚಿತು. ಹಾಡು ಮೇಲಕ್ಕೆ ಹೋಗಿ ನಿಂತಾಗ ಅವರ ಕಣ್ಣು ಒದ್ದೆಯಾಯಿತು. ಹೇಗೂ ಅವಳಿಗೆ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ಗೋಡೆಗೆ ಹೇಳಿದಂತೆ ಹೇಳಿದರು.

"ಎಷ್ಟು ಚಂದ ಹಾಡ್ತಾಳೆ!"

ಹಾಡು ನಿಂತಿತು. ಪರಮೇಶ್ವರಿ ಬಾಗಿಲಿಗೆ ಬಂದರು. ಹೆಡ್‌ಫೋನು ತಲೆಯ ಮೇಲೆಯೇ ಇತ್ತು, ಆದರೆ ಒಂದು ಬದಿ ಕಿವಿಯ ಹಿಂದೆ ಸರಿದಿತ್ತು. ಹಾಡುವವರಿಗೆ ತಮ್ಮ ಸ್ವರ ಕೇಳಬೇಕಲ್ಲ, ಭಾಗವತರೇ ಹಾಗೆ ಇಟ್ಟುಕೊಳ್ಳಲು ಹೇಳಿದ್ದರು.

"ಎಂತ ಹೇಳಿದ್ರಿ?"

"ಎಂತ ಇಲ್ಲ. ವೈರು ಎಳೆಯುದು ಬೇಡ ಅಂದದ್ದು."

"ಸುಳ್ಳು. ಇನ್ನೊಮ್ಮೆ ಹೇಳಿ. ಆ ಮಾತನ್ನೂ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಷ್ಟು ವರ್ಷ ಕಪಾಟಲ್ಲೇ ಇಟ್ಟಿದ್ರಲ್ಲ. ದಿನಾ ತೆಗೆದ್ರೆ ಹಾಳಾಗುದಿಲ್ಲ ಅದು."

ಯಜ್ಞೇಶ್ವರರು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡು ಇನ್ನೊಮ್ಮೆ ಹೇಳಿದರು.