ಅವಳು ಬಟ್ಟೆ ತೊಡಿಸಿದ ವಿಮಾನ

ಹೆಂಡತಿ ತೀರಿಕೊಂಡ ಮೇಲೆ ಅವಳ ಹೊಲಿಗೆ ಅಂಗಡಿಯಲ್ಲಿ ಉಳಿದಿದ್ದ ಬಟ್ಟೆಗಳನ್ನು ಅವರವರಿಗೆ ಹಿಂದಿರುಗಿಸಲೆಂದು ನಾನು ಬಸ್ಸಿನ ಡ್ರೈವರ್ ಕೆಲಸಕ್ಕೆ ರಜೆ ಹಾಕಿ ಅಲ್ಲಿ ಕೂತಿದ್ದೆ. ಪುತ್ತೂರು ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಹಳೆಯ ಕಟ್ಟಡ ಅದು. ಕೆಳಗೆ ಅವಳ ಅಂಗಡಿ, ಮೇಲೆ ಕಂಪ್ಯೂಟರ್ ಕ್ಲಾಸು. ಬಂದವರು ತಮ್ಮ ಬ್ಲೌಸ್ ಪೀಸು ತೆಗೆದುಕೊಂಡು ಹೋಗುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಕಂಪ್ಯೂಟರ್ ಕ್ಲಾಸಿನ ಮಾಷ್ಟ್ರು ಮೆಟ್ಟಿಲಿಳಿದು ಬಂದು ಸ್ಟೂಲಿನ ಮೇಲೆ ಕೂತರು. ಅವಳನ್ನು ಅಕ್ಕ ಎನ್ನುತ್ತಿದ್ದುದರಿಂದ ನಾನು ಅವರಿಗೆ ಭಾವ.

“ಭಾವ, ಒಂದು ಪರ್ಮಿಶನ್ ಬೇಕಿತ್ತು. ಈಗ ಕೇಳುದಾ ಬೇಡವಾ ಅಂತ ಗೊತ್ತಾಗ್ಲಿಲ್ಲ.”

“ಎಂತದ್ದು ಮಾಷ್ಟ್ರೇ?”

“ಅಕ್ಕನ ವಿಮಾನ ಉಂಟಲ್ಲ, ಅದನ್ನು ಒಬ್ಬರು ಬಿಚ್ಚಿ ಸರಿ ಮಾಡ್ತೇನೆ ಅಂತಿದ್ದಾರೆ. ಅಕ್ಕ ಇಲ್ಲದ ಕಾರಣ ನಿಮ್ಮನ್ನೇ ಕೇಳ್ಬೇಕು.”

ಗೊತ್ತಿಲ್ಲದವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಎಂಬುದೊಂದಿದೆ. ಅದನ್ನು ಆಟ ಎಂದರೆ ಮಾಷ್ಟ್ರಿಗೆ ಬೇಸರ. ಅದರ ಜೊತೆಯಲ್ಲಿ ಬರುವ ವಿಮಾನಗಳು ಕೆಲವೇ. ಬೇರೆ ಬೇರೆ ದೇಶಗಳಲ್ಲಿ ಕೂತ ಹುಚ್ಚು ಹಿಡಿದ ಜನ ಮಿಕ್ಕ ವಿಮಾನಗಳನ್ನು ತಾವೇ ಮಾಡಿ ಸೇರಿಸುತ್ತಾರೆ. ಹೆಚ್ಚಾಗಿ ಸೇನೆಯ ವಿಮಾನಗಳು, ಅದರಲ್ಲೂ ಹಾರಾಟ ನಿಲ್ಲಿಸಿದ ಹಳೆಯವು. ಒಬ್ಬರು ಆಕಾರ ಮಾಡುತ್ತಾರೆ, ಒಬ್ಬರು ಒಳಗಿನ ಮೀಟರುಗಳನ್ನು, ಇನ್ನೊಬ್ಬರು ಎಂಜಿನಿನ ಶಬ್ದವನ್ನು. ಕೊನೆಗೆ ಎಲ್ಲವನ್ನೂ ಜೋಡಿಸಿ, ಬೇಕಾದವರು ತೆಗೆದುಕೊಳ್ಳಿ ಎಂದು ಪುಕ್ಕಟೆ ಇಡುತ್ತಾರೆ. ಯಾಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಮಾಷ್ಟ್ರು, “ನೀವು ಯಕ್ಷಗಾನಕ್ಕೆ ಹೋಗುದು ಯಾಕೆ?” ಎಂದು ತಿರುಗಿ ಕೇಳಿದ್ದರು. ನಾನು ಹೋಗುವುದು ನೋಡುವುದಕ್ಕೆ, ವೇಷ ಕಟ್ಟುವುದಕ್ಕಲ್ಲ ಎಂದು ಹೇಳಬಹುದಿತ್ತು.

ನನ್ನ ಹೆಂಡತಿ ಇದಕ್ಕೆ ಸೇರಿದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಕರೆಂಟು ಹೋದರೆ ಮೇಲೆ ಕ್ಲಾಸಿಲ್ಲ, ಮಾಷ್ಟ್ರು ಕೆಳಗಿಳಿದು ಬರುತ್ತಿದ್ದರು. ಅವಳ ಹಳೆಯ ಮೆಷಿನು ಕಾಲಲ್ಲಿ ತುಳಿಯುವುದು, ಅದು ನಿಲ್ಲುತ್ತಿರಲಿಲ್ಲ. ಆವತ್ತು ಮಾಷ್ಟ್ರ ಕೈಯಲ್ಲಿ ಒಂದು ವಿಮಾನದ ಚಿತ್ರವಿತ್ತು. ಮೂತಿಯ ಹತ್ತಿರ ಬಣ್ಣವೆಲ್ಲ ಸುಕ್ಕುಗಟ್ಟಿ, ಗೆರೆಗಳು ಸೊಟ್ಟಗಾಗಿದ್ದವು. ವಿಮಾನದ ಮೈಗೆ ಬಣ್ಣ ಹಚ್ಚುವುದೆಂದರೆ ಮೊದಲು ಆ ಮೈಯನ್ನು ಕಿತ್ತಳೆ ಸಿಪ್ಪೆಯ ಹಾಗೆ ಬಿಡಿಸಿ ಸಪಾಟು ಹಾಳೆಯ ಮೇಲೆ ಹರಡಬೇಕು, ಬಣ್ಣ ಹಚ್ಚಿ ಮತ್ತೆ ಸುತ್ತಬೇಕು, ಅದು ಸರಿಯಾಗಿ ಕೂರುತ್ತಿಲ್ಲ ಎಂದು ಅವರು ವಿವರಿಸಿದರು.

ಅವಳು ಮೆಷಿನು ನಿಲ್ಲಿಸಿ ಚಿತ್ರ ನೋಡಿದಳು. “ಇದಕ್ಕೆ ಟಕ್ಸ್ ಎಲ್ಲಿ ಹಾಕಿದ್ದೀರಿ?”

“ಟಕ್ಸಾ?”

“ಉಬ್ಬಿದಲ್ಲಿ ಬಟ್ಟೆ ಹಾಗೇ ಕೂರ್ತದಾ? ಒಂದು ಚೂರು ಮಡಚಿ ಹೊಲಿಗೆ ಹಾಕ್ಬೇಕು. ಬ್ಲೌಸಿಗೆ ಹಾಕುದಿಲ್ವಾ, ಹಾಗೆ. ಹೊಲಿಗೆ ಬರುದು ಕಂಕುಳಿನ ಹತ್ರ. ಮುಖಕ್ಕೆ ಎದುರು ತಂದ್ರೆ ಎಲ್ರಿಗೂ ಕಾಣ್ತದೆ.”

ಹಾಗೆಂದ ಮಾತ್ರಕ್ಕೆ ಅವಳು ದೊಡ್ಡ ಪಂಡಿತೆಯೇನಲ್ಲ. ಮರುದಿನದಿಂದ ಅಂಗಡಿ ಮುಚ್ಚುವ ಮೊದಲು ಮೇಲೆ ಹೋಗಿ ಮಾಷ್ಟ್ರ ಹತ್ತಿರ ಕಲಿಯತೊಡಗಿದಳು. ಮೌಸು ಹಿಡಿಯಲು ಬಾರದೆ ಅದನ್ನು ಮೇಜಿನ ತುದಿಯವರೆಗೆ ಎಳೆದುಕೊಂಡು ಹೋಗುತ್ತಿದ್ದಳಂತೆ. ಅವಳು ಮಾಡಿದ ಮೊದಲ ಮೈ ಮಾಷ್ಟ್ರದ್ದಕ್ಕಿಂತ ಕೆಟ್ಟದಾಗಿತ್ತು. ಎರಡನೆಯದು ಚೆನ್ನಾಗಿ ಕೂತಿತು, ಆದರೆ ಅದರಲ್ಲಿ ಟೈಲರುಗಳೇ ಮಾಡಬಹುದಾದ ಒಂದು ತಪ್ಪಿತ್ತು. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಮ್ಮೆಗೇ ಕತ್ತರಿಸಿದರೆ ಎಡ ಬಲ ಎರಡೂ ಒಂದೇ ಅಳತೆಗೆ ಬರುತ್ತವೆ. ಅವಳು ವಿಮಾನವನ್ನೂ ಹಾಗೆಯೇ ಮಡಚಿ ಕತ್ತರಿಸಿದ್ದಳು. ಎಡಗಡೆ ಬರೆದ ನಂಬರು ಬಲಗಡೆ ಉಲ್ಟಾ ಬಂತು. ಮಾಷ್ಟ್ರೂ ನೋಡಿರಲಿಲ್ಲ, ವಿಮಾನ ಹಾಗೆಯೇ ಹೊರಗೆ ಹೋಯಿತು. ತೆಗೆದುಕೊಂಡವರೆಲ್ಲ ನಗತೊಡಗಿದ ಮೇಲೆ ಗೊತ್ತಾದದ್ದು.

“ಸರಿಯೇ ಉಂಟಲ್ಲ,” ಎಂದೆ ನಾನು. “ಆಂಬುಲೆನ್ಸಿನಲ್ಲಿ ಹೀಗೇ ಬರೆಯುದು. ಮುಂದಿನ ವಿಮಾನದವರು ಕನ್ನಡಿಯಲ್ಲಿ ಓದಿ ಸೈಡು ಕೊಡ್ಲಿ.”

“ನೀವು ನಿಮ್ಮ ಬಸ್ಸಿಗೆ ಸರಿಯಾಗಿ ಬೋರ್ಡು ಹಾಕಿ ಸಾಕು,” ಎಂದಳು. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಈಗ ಮಾಷ್ಟ್ರು ಕೇಳುತ್ತಿದ್ದುದು ಆಮೇಲೆ ಮಾಡಿದ ವಿಮಾನದ ಬಗ್ಗೆ. ವಾಯುಸೇನೆಯವರು ಹೊಸಬರಿಗೆ ಹಾರಾಟ ಕಲಿಸುತ್ತಿದ್ದ, ಮುಂದೆ ಪಂಖ ಇರುವ ಎರಡು ಸೀಟಿನ ಹಳೆಯ ವಿಮಾನ. “ಬಾಂಬು ಹಾಕದ್ದು ಯಾವುದಾದ್ರೂ ಉಂಟಾ?” ಎಂದು ಅವಳೇ ಕೇಳಿ ಆರಿಸಿಕೊಂಡದ್ದು. ಸಿಮ್ಯುಲೇಟರಿನ ಹೊಸ ಆವೃತ್ತಿ ಬಂದ ಮೇಲೆ ಅದು ಸರಿಯಾಗಿ ತೆರೆಯುತ್ತಿಲ್ಲ. ಗಾಜು ಕಪ್ಪಗೆ ಕಾಣುತ್ತದೆ, ಚಕ್ರ ರನ್‌ವೇಯೊಳಗೆ ಹೂತುಹೋಗುತ್ತದೆ. ಯುರೋಪಿನ ಕಡೆಯ ಬೇಕರಿ ಕೆಲಸದವರೊಬ್ಬರು ಅದನ್ನು ಸರಿಮಾಡಲು ಮುಂದೆ ಬಂದಿದ್ದಾರೆ. ಆದರೆ ಈ ಪುಕ್ಕಟೆ ವಿಮಾನದವರಲ್ಲಿ ಒಂದು ಕ್ರಮ ಉಂಟು. ವಿಮಾನವನ್ನು ಯಾರು ಬೇಕಾದರೂ ಹಾರಿಸಬಹುದು, ಮಾಡಿದವರನ್ನು ಕೇಳದೆ ಬದಲಾಯಿಸಿ ಹಂಚುವ ಹಾಗಿಲ್ಲ. ಆಕಾರ ಮಾಷ್ಟ್ರದ್ದು, ಅವರು ಒಪ್ಪಿಯಾಗಿತ್ತು. ಮೀಟರಿನವರು, ಶಬ್ದದವರು ಒಪ್ಪಿದ್ದರು. ಅವಳು ಮಾಡಿದ ಮೈ ಮಾತ್ರ ಬಾಕಿ.

“ಬೇಡ ಅಂದ್ರೆ?”

“ಬೇಡ ಅಂದ್ರೆ ಹಾಗೇ ಇರ್ತದೆ. ಹಳೆ ಆವೃತ್ತಿ ಇದ್ದವರಿಗೆ ಓಡ್ತದೆ. ಆಮೇಲಾಮೇಲೆ ಯಾರಿಗೂ ಓಡುದಿಲ್ಲ.”

“ಹೂಂ ಅಂದ್ರೆ?”

ಮಾಷ್ಟ್ರು ನೆಲ ನೋಡಿದರು. “ಹೊಸತರಲ್ಲಿ ಎಲ್ಲ ಇನ್ನೂ ಸ್ಪಷ್ಟ ಕಾಣ್ತದೆ. ಅಕ್ಕ ಹಚ್ಚಿದ ಬಣ್ಣ ಸಾಲುದಿಲ್ಲ. ಅದನ್ನು ತೆಗೆದು ಬೇರೆ ಹಚ್ಚಬೇಕು.”

ನಾಳೆ ಹೇಳುತ್ತೇನೆ ಎಂದು ಅವರನ್ನು ಕಳಿಸಿದೆ. ಅವಳ ಸೀರೆಗಳನ್ನು ಅವಳ ತಂಗಿಯಂದಿರು ತೆಗೆದುಕೊಂಡು ಹೋಗಿದ್ದರು. ಅವಳು ಹೊಲಿದ ಬ್ಲೌಸುಗಳು ಪುತ್ತೂರಿಡೀ ತಿರುಗಾಡುತ್ತಿದ್ದವು, ಅವುಗಳಲ್ಲಿ ಯಾವುದು ಅವಳದೆಂದು ನನಗೆ ಗುರುತು ಹತ್ತುವುದಿಲ್ಲ. ಈ ವಿಮಾನವೊಂದನ್ನು ಅವಳದೇ ಎಂದು ತೋರಿಸಬಹುದಾಗಿತ್ತು. ಅದನ್ನೇ ತೆಗೆಯುತ್ತಾರಂತೆ. ಆದರೆ ತೆಗೆಯುವುದೆಂದರೆ ಏನನ್ನು? ಅದೇ ನನಗೆ ತಿಳಿದಿರಲಿಲ್ಲ. ಮರುದಿನ ಮೇಲೆ ಹೋಗಿ, “ಮೊದಲು ಪೂರ್ತಿ ತೋರಿಸಿ,” ಎಂದೆ.

ಮಾಷ್ಟ್ರು ಹಳೆ ಕಂಪ್ಯೂಟರಿನಲ್ಲಿ ವಿಮಾನ ತೆರೆದು, ಮೌಸನ್ನು ನನ್ನ ಕೈಗೇ ಕೊಟ್ಟರು. ನಾನು ಅದರ ಸುತ್ತ ತಿರುಗಿದೆ, ಬೆಳಿಗ್ಗೆ ಬಸ್ಸು ತೆಗೆಯುವ ಮೊದಲು ಒಂದು ಸುತ್ತು ಬರುವ ಹಾಗೆ. ಚಕ್ರ, ಅಡಿ, ಹಿಂಬದಿ. ರೆಕ್ಕೆಯ ಬುಡದಲ್ಲಿ ಕಾಲಿಟ್ಟು ಹತ್ತುವಲ್ಲಿ ಬಣ್ಣ ಸವೆದು ಲೋಹ ಕಾಣುತ್ತಿತ್ತು. ಸೀಟಿನ ಪಟ್ಟಿಗೆ ಹಾಕಿದ ಹೊಲಿಗೆಯ ಒಂದೊಂದು ಎಳೆಯೂ ಇತ್ತು. ಎಡಗಡೆ, ಪೈಲಟ್ ಕೂರುವ ಗೂಡಿನ ಅಂಚಿನಲ್ಲಿ ಕೈಯಗಲದ ಒಂದು ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು.

ಅದು ನನಗೆ ಗೊತ್ತಿತ್ತು. ಒಮ್ಮೆ ಊಟಕ್ಕೆ ಕೂತಾಗ ಅವಳು, ಬಸ್ಸಿನ ಬಣ್ಣ ಮೊದಲು ಹೋಗುವುದು ಎಲ್ಲಿ ಎಂದು ಕೇಳಿದ್ದಳು. ಮೆಟ್ಟಿಲು, ಹಿಡಿಯುವ ಕಂಬಿ, ಮತ್ತೆ ಡ್ರೈವರು ಮೊಣಕೈ ಇಡುವ ಕಿಟಕಿಯ ಅಂಚು ಎಂದಿದ್ದೆ.

ಆ ವಿಮಾನದ ಚಿತ್ರಗಳನ್ನು ಹಿಡಿದುಕೊಂಡು ಅವಳು ನನ್ನ ಬಸ್ಸಿನಲ್ಲೇ ಕಡಬಕ್ಕೆ ಬಂದದ್ದೂ ನೆನಪಿದೆ. ಅಲ್ಲೇ ಹತ್ತಿರದ ಕೋಡಿಂಬಾಳದಲ್ಲಿ ವಾಯುಸೇನೆಯಿಂದ ನಿವೃತ್ತರಾದ ಒಬ್ಬರಿದ್ದರು. ಅಲ್ಲಿ ವಿಮಾನಗಳ ಮೈ ರಿಪೇರಿ ಮಾಡುತ್ತಿದ್ದವರು, ಈಗ ರಬ್ಬರು ತೋಟ. ನನ್ನ ಮುಂದಿನ ಟ್ರಿಪ್ಪಿಗೆ ಹೊತ್ತಿದ್ದ ಕಾರಣ ನಾನೂ ಜೊತೆಗೆ ಹೋಗಿದ್ದೆ. ಅವರು ಕನ್ನಡಕ ಏರಿಸಿ ಚಿತ್ರ ನೋಡಿದರು, ಮುಖ ಗಂಟಿಕ್ಕಿತು.

“ಎಂತ ತಂಗೀ ಇದು, ನಮ್ಮ ವಿಮಾನವನ್ನು ನಿಮ್ಮ ಬಸ್ಸು ಮಾಡಿದ್ದೀರಲ್ಲ! ಅಡಿಯಲ್ಲಿ ಇಷ್ಟು ಕೆಸರು? ಹೀಗೆ ಇಟ್ಟಿದ್ರೆ ನಮ್ಮ ಮೇಲಿನವರು ನಮ್ಮ ಚರ್ಮ ಸುಲೀತಿದ್ರು.”

“ಬಸ್ಸಿಗೆ ಎಂತ ಕಮ್ಮಿ ಆಗಿದೆ ಮಾರಾಯ್ರೆ?” ಎಂದೆ ನಾನು.

“ಕಮ್ಮಿ ಎಂತದ್ದೂ ಇಲ್ಲ, ಕೆಸರೇ ಜಾಸ್ತಿ.” ಅವರು ಚಿತ್ರವನ್ನು ಬೆಳಕಿಗೆ ಹಿಡಿದರು. ಬೆರಳು ಎಡಗಡೆಯ ಅಂಚಿಗೆ ಬಂದು ನಿಂತಿತು. “ಇದು ಯಾರು ಹೇಳಿದ್ದು? ಇದು ಹೌದು. ಗಾಜು ಹಿಂದೆ ಸರಿಸಿ, ಕೈ ಹೊರಗೆ ಹಾಕಿಕೊಂಡೇ ನೆಲದ ಮೇಲೆ ಓಡಿಸ್ತಿದ್ರು. ನಾವು ಬಣ್ಣ ಹಚ್ಚುದು, ಅವರು ತೆಗೆಯುದು.”

ಅವಳು ನನ್ನ ಕಡೆ ನೋಡಲಿಲ್ಲ, ಆದರೆ ನಕ್ಕಳು. ಕೆಸರು ತೆಗೆದಳು, ಆ ಸವೆದ ಅಂಚನ್ನು ಉಳಿಸಿಕೊಂಡಳು.

ಇಷ್ಟನ್ನೂ ನೋಡಿ ಮುಗಿಸಿದ ಮೇಲೆ ಮಾಷ್ಟ್ರು ಮೈಯ ಹಾಳೆಯನ್ನು ತೆರೆದರು. ನಾನು ಅದನ್ನು ಮೊದಲ ಸಲ ನೋಡುತ್ತಿದ್ದೆ. ಒಂದು ಚೌಕದೊಳಗೆ ವಿಮಾನ ಚೂರುಚೂರಾಗಿ ಹರಡಿತ್ತು. ದೊಡ್ಡ ತುಂಡುಗಳಾಗಿ ರೆಕ್ಕೆಗಳು, ಅವುಗಳ ಸಂದಿಯಲ್ಲಿ ಬಾಲ, ಬಾಲದ ಸಂದಿಯಲ್ಲಿ ಚಕ್ರದ ಬಾಗಿಲುಗಳು. ಎಲ್ಲೂ ಜಾಗ ಹಾಳಾಗಿರಲಿಲ್ಲ. ಬಟ್ಟೆ ಕಡಿಮೆ ತಂದು ಉದ್ದ ತೋಳು ಕೇಳುವ ಗಿರಾಕಿಗಳಿಗೆ ಅವಳು ಹೀಗೆಯೇ ತುಂಡುಗಳನ್ನು ಆಚೆ ಈಚೆ ತಿರುಗಿಸಿ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು.

“ಇದೂ ಹೋಗ್ತದಾ?”

“ಇಲ್ಲ ಭಾವ. ಅವರು ಇದೇ ಕಟಿಂಗ್ ಇಟ್ಟುಕೊಳ್ತಾರೆ. ಇದರ ಮೇಲೆ ಬಣ್ಣ ಹೊಸತು.”

“ಅಂದ್ರೆ ಕಟಿಂಗ್ ಅವಳದ್ದು, ಬಟ್ಟೆ ಬೇರೆ.”

“ಹಾಗೇ.”

ನಾನು ಬಹಳ ಹೊತ್ತು ಆ ಹಾಳೆ ನೋಡಿದೆ. ಕೆಳಗೆ ಅಂಗಡಿಯಲ್ಲಿ ಹಿಂದಿರುಗಿಸಲು ಬಾಕಿ ಇದ್ದ ಬಟ್ಟೆಗಳಲ್ಲಿ ಅರ್ಧದಷ್ಟು ಆಲ್ಟ್ರೇಶನಿಗೆ ಬಂದವು. ಬೇರೆ ಟೈಲರು ಹೊಲಿದ ಚೂಡಿದಾರಗಳು, ಬೆಂಗಳೂರಿನಿಂದ ತಂದ ರೆಡಿಮೇಡುಗಳು. ಅವಳು ಬ್ಲೇಡಿನಲ್ಲಿ ಹೊಲಿಗೆ ಬಿಚ್ಚುವಾಗ, ಇದನ್ನು ಹೊಲಿದವರಿಗೆ ಏನನ್ನಿಸಬಹುದು ಎಂದು ಯೋಚಿಸಿದ್ದಳೆಂದು ನನಗೆ ತೋರುವುದಿಲ್ಲ. ಹಾಕುವವರ ಮೈಗೆ ಸರಿಯಾಗಬೇಕು, ಅಷ್ಟೇ ಅವಳ ಲೆಕ್ಕ.

“ಬರೆಯಿರಿ,” ಎಂದೆ. “ಬಿಚ್ಚಲಿ. ಮುಂದೆ ಯಾರಿಗಾದ್ರೂ ಬೇಕಾದ್ರೆ ಅವರೂ ಬಿಚ್ಚಲಿ. ಕೇಳುದು ಬೇಡ.”

ಮಾಷ್ಟ್ರು ಕೀಬೋರ್ಡಿನಿಂದ ಕೈ ತೆಗೆದರು. “ಹಾಗೆ ಎಲ್ರಿಗೂ ಕೊಡುದು ಬೇಡ ಭಾವ. ಕೆಲವರು ಹಾಳು ಮಾಡ್ತಾರೆ.”

“ನಮಗೆ ಮಕ್ಕಳಿಲ್ಲ ಮಾಷ್ಟ್ರೇ. ಇವತ್ತು ನಾನಿದ್ದೇನೆ, ನನ್ನನ್ನು ಕೇಳಿದ್ರಿ. ಇನ್ನೊಂದು ಆವೃತ್ತಿ ಬಂದಾಗ ಯಾರನ್ನು ಕೇಳ್ತಾರೆ?”

ಅವರು ಟೈಪು ಮಾಡಿದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದರು. ಯಾರೇ ಬದಲಾಯಿಸಿದರೂ ಮೂಲದಲ್ಲಿ ಮಾಡಿದವರ ಹೆಸರು ಮೊದಲು ಇರಬೇಕೆಂದು ಕೊನೆಯಲ್ಲಿ ಅವರೇ ಸೇರಿಸಿದ್ದರು. ಇರಲಿ ಎಂದೆ.

ಮಳೆಗಾಲ ಕಳೆಯುವ ಹೊತ್ತಿಗೆ ರಿಪೇರಿಯಾದ ವಿಮಾನ ಬಂತು. ಚಕ್ರ ನೆಲದ ಮೇಲೆ ನಿಂತಿತ್ತು. ಬೇಕರಿಯವರ ಕೆಲಸ ಒಳ್ಳೆಯದಿತ್ತು. ನಾನೀಗ ಬಸ್ಸಿನ ರಜೆಯ ದಿನ ಮೇಲೆ ಹೋಗಿ ಕೂರುವುದುಂಟು. ಹಾರಿಸಲು ಇನ್ನೂ ಬರುವುದಿಲ್ಲ, ಎದ್ದ ಕೂಡಲೇ ಎಡಕ್ಕೆ ವಾಲುತ್ತದೆ. ಹೋದ ವಾರ ಮಾಷ್ಟ್ರು ಕರೆದು ಇನ್ನೊಂದು ತೋರಿಸಿದರು. ಯಾರೋ ಗೊತ್ತಿಲ್ಲದವರು, ಯಾರನ್ನೂ ಕೇಳದೆ, ಅದೇ ಕಟಿಂಗಿನ ಮೇಲೆ ಹಳದಿ ಮತ್ತು ನೇರಳೆ ಪಟ್ಟೆ ಹಚ್ಚಿ ಹೊರಗೆ ಬಿಟ್ಟಿದ್ದರು. ಸೇನೆಯ ವಿಮಾನ ಹೋಗಿ ಮದುವೆ ದಿಬ್ಬಣದ ಕಾರಿನ ಹಾಗೆ ಆಗಿತ್ತು.

“ನಾನು ಹೇಳ್ಲಿಲ್ವಾ?” ಎಂದರು ಮಾಷ್ಟ್ರು.

ನಾನು ಅದರ ಸುತ್ತ ಒಂದು ಸುತ್ತು ಬಂದೆ. ಬಣ್ಣ ಕೆಟ್ಟದಾಗಿತ್ತು, ಆದರೆ ಪಟ್ಟೆ ಮೈಯಿಂದ ರೆಕ್ಕೆಗೆ ದಾಟುವಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಪಟ್ಟೆ ಬಟ್ಟೆಯನ್ನು ಹೊಲಿಗೆಯಲ್ಲಿ ಹಾಗೆ ಕೂಡಿಸುವುದು ಸುಲಭವಲ್ಲ ಎಂಬಷ್ಟು ಅವಳ ಜೊತೆಯಲ್ಲಿದ್ದು ನನಗೆ ಗೊತ್ತು.

“ಇವರು ಯಾರು ಮಾಷ್ಟ್ರೇ? ಹಗಲಿಗೆ ಎಂತ ಕೆಲಸ ಮಾಡ್ತಾರಂತೆ, ಹೊಲಿಗೆಯಾ?”

“ಗೊತ್ತಿಲ್ಲ ಭಾವ.”

“ಕೇಳಿ ನೋಡಿ ಒಮ್ಮೆ,” ಎಂದೆ.